ಗಾಯಗೊಂಡ ಗೂಬೆ, ಹದ್ದುಗಳು : ಕಾರಣ ನಮ್ಮ ಹೊಲದಲ್ಲಿಯೂ ಇದೆ

ಬೆಳಗಿನ ಹೊತ್ತು ಹೊಲಕ್ಕೆ ಹೋದಾಗ ಬದುವಿನ ಮೇಲೆ ಗೂಬೆಯೊಂದು ರೆಕ್ಕೆ ಇಳಿಬಿಟ್ಟು ಕುಳಿತಿರುತ್ತದೆ. ಹತ್ತಿರ ಹೋದರೂ ಹಾರುವುದಿಲ್ಲ. ಇಲ್ಲವೇ ಟ್ರಾನ್ಸ್‌ಫಾರ್ಮರ್ ಕಂಬದ ಬುಡದಲ್ಲಿ ಹದ್ದೊಂದು ಒಂದು ಪಕ್ಕಕ್ಕೆ ವಾಲಿ ಬಿದ್ದಿರುತ್ತದೆ. ಇಂಥ ದೃಶ್ಯ ರೈತ ಬಾಂಧವರಿಗೆ ಹೊಸದೇನಲ್ಲ. ನೋಡಿದವರಲ್ಲಿ ಹೆಚ್ಚಿನವರು ಸುಮ್ಮನೆ ಮುಂದೆ ಹೋಗುತ್ತಾರೆ. ಗೂಬೆಯಾದರೆ ಅಪಶಕುನವೆಂದು ಕಲ್ಲು ಬೀರುವವರೂ ಉಂಟು. ಎಲ್ಲೋ ಒಬ್ಬಿಬ್ಬರು ಅದನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಅರಣ್ಯ ಇಲಾಖೆಯವರಿಗೆ ಒಪ್ಪಿಸುತ್ತಾರೆ. ಅಲ್ಲಿಂದ ಅದು ವನ್ಯಜೀವಿ ಚಿಕಿತ್ಸಾ ಮತ್ತು ಪುನರ್ವಸತಿ ಕೇಂದ್ರವೊಂದನ್ನು ಸೇರುತ್ತದೆ.

ಬೇಟೆಯಾಡಿ ಬದುಕುವ ಇಷ್ಟು ಬಲವಾದ ಹಕ್ಕಿಗಳು ಈ ಸ್ಥಿತಿಗೆ ಏಕೆ ಬರುತ್ತವೆ ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ. ಬೇಸಾಯಶಾಸ್ತ್ರ ಓದಿದವನಿಗೆ ಹಕ್ಕಿಯ ಗಾಯದ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ರಾಗಿ, ಭತ್ತ, ಕಡಲೆಕಾಯಿ, ಕಬ್ಬು, ತೆಂಗು ಯಾವುದನ್ನೇ ಬೆಳೆಯಲಿ, ಇಲಿಗೆ ಪಾಲು ಕೊಡದೆ ಬೆಳೆದವರಿಲ್ಲ. ಆ ಇಲಿಯನ್ನು ಕೂಲಿ ಇಲ್ಲದೆ ಹಿಡಿಯುವವರು ಈ ಹಕ್ಕಿಗಳು. ಇಲಿಗೆಂದು ನಾವು ಇಡುವ ಪಾಷಾಣ ಇಲಿಯ ವೈರಿಗೂ ತಗಲುತ್ತಿದ್ದರೆ ಅದು ಬೇಸಾಯದ ವಿಷಯವೇ ಆಗುತ್ತದೆ.

ಬೇಟೆ ಹಕ್ಕಿಗಳು ಯಾವುವು?

ಬಾಗಿದ ಕೊಕ್ಕು, ಹಿಡಿದದ್ದನ್ನು ಬಿಡದ ಉಗುರು, ದೂರದಿಂದಲೇ ಬೇಟೆಯನ್ನು ಗುರುತಿಸುವ ಶಕ್ತಿ, ಇವು ಈ ಗುಂಪಿನ ಲಕ್ಷಣಗಳು. ಹಗಲಿನಲ್ಲಿ ಕೆಲಸ ಮಾಡುವವುಗಳಲ್ಲಿ ಕರಿ ಹದ್ದು, ಗರುಡ, ಬಿಜ್ಜು, ಚಳಿಗಾಲದಲ್ಲಿ ವಲಸೆ ಬರುವ ಚಾಣ ಮೊದಲಾದವನ್ನು ಎಲ್ಲರೂ ನೋಡಿರುತ್ತೀರಿ. ಬಯಲು ಸೀಮೆಯಲ್ಲಿ ಬೂದು ಬಿಳುಪಿನ ಸಣ್ಣ ಹದ್ದೊಂದು ಗಾಳಿಯಲ್ಲಿ ನಿಂತಲ್ಲೇ ರೆಕ್ಕೆ ಬಡಿಯುತ್ತಾ ನೆಲವನ್ನೇ ದಿಟ್ಟಿಸುತ್ತಿರುತ್ತದೆ. ಅದು ರಾಮದಾಸ ಹದ್ದು. ಅದು ಹುಡುಕುತ್ತಿರುವುದು ಇಲಿ, ಸುಂಡಿಲಿ ಮತ್ತು ಮಿಡತೆಗಳನ್ನು.

ರಾತ್ರಿಯ ಪಾಳಿ ಗೂಬೆಗಳದು. ಹಾಲಕ್ಕಿ ಚಿಕ್ಕದು, ಊರ ಮರಗಳಲ್ಲಿ ಸಾಮಾನ್ಯ. ಕೊಂಬಿನ ಗೂಬೆ ದೊಡ್ಡದು, ಕಲ್ಲುಬಂಡೆ, ಕೊರಕಲುಗಳಲ್ಲಿ ಇರುತ್ತದೆ. ರೈತನಿಗೆ ಬಲು ಹತ್ತಿರದ್ದು ಕಣಜ ಗೂಬೆ. ಹೃದಯದ ಆಕಾರದ ಬಿಳಿ ಮುಖ, ಹೊನ್ನಿನ ಬಣ್ಣದ ಬೆನ್ನು. ಹಳೆಯ ಗುಡಿಗೋಪುರ, ಪಾಳುಬಿದ್ದ ಮನೆ, ಮರದ ಪೊಟರೆ ಇದರ ವಾಸಸ್ಥಾನ. ಇದರ ಎರಡು ಕಿವಿಗಳು ಒಂದೇ ಮಟ್ಟದಲ್ಲಿಲ್ಲ, ಒಂದು ತುಸು ಮೇಲೆ, ಇನ್ನೊಂದು ತುಸು ಕೆಳಗೆ. ಆದ್ದರಿಂದ ಇಲಿಯ ಸಪ್ಪಳ ಎಲ್ಲಿಂದ ಬಂತೆಂಬುದನ್ನು ಕಗ್ಗತ್ತಲೆಯಲ್ಲೂ ಕರಾರುವಾಕ್ಕಾಗಿ ಕಂಡುಕೊಳ್ಳುತ್ತದೆ. ಒಂದು ಕಣಜ ಗೂಬೆ ರಾತ್ರಿಗೆ ಒಂದೆರಡು ಇಲಿಗಳನ್ನು ತಿನ್ನುತ್ತದೆ. ಗೂಡಿನಲ್ಲಿ ನಾಲ್ಕೈದು ಮರಿಗಳಿದ್ದರೆ ತಂದೆ ತಾಯಿಗಳು ಬೆಳಗಾಗುವ ತನಕ ಇಲಿ ಹೊರುತ್ತಲೇ ಇರಬೇಕಾಗುತ್ತದೆ. ನಂಬಿಕೆ ಬಾರದವರು ಗೂಬೆ ಕೂರುವ ಮರದ ಕೆಳಗೆ ನೋಡಬಹುದು. ಜೀರ್ಣವಾಗದ ಕೂದಲು, ಮೂಳೆಗಳನ್ನು ಅದು ಉಂಡೆ ಮಾಡಿ ಬಾಯಿಂದ ಹೊರಹಾಕುತ್ತದೆ. ಒಣಗಿದ ಒಂದು ಉಂಡೆಯನ್ನು ನೀರಿನಲ್ಲಿ ನೆನೆಸಿ ಬಿಡಿಸಿದರೆ ಇಲಿಯ ತಲೆಬುರುಡೆಗಳನ್ನು ಎಣಿಸಬಹುದು. ಶಾಲಾ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪ್ರಾಯೋಗಿಕ ಪಾಠ ಇನ್ನೊಂದಿಲ್ಲ.

ಆಸ್ಪತ್ರೆಯ ದಾಖಲೆ ಪುಸ್ತಕ

ಗಾಯಗೊಂಡ ಕಾಡುಹಕ್ಕಿಗಳಿಗೆ ಚಿಕಿತ್ಸೆ ಕೊಡುವ ಕೇಂದ್ರಗಳು ನಮ್ಮಲ್ಲಿ ಹೆಚ್ಚಾಗಿ ನಗರಗಳ ಆಸುಪಾಸಿನಲ್ಲಿವೆ. ಬೆಂಗಳೂರಿನಲ್ಲಿ ಕೆಂಗೇರಿಯ ಕಡೆ ಪೀಪಲ್ ಫಾರ್ ಆನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆ ಇದೆ. ಹಕ್ಕಿ ಮತ್ತು ಸರೀಸೃಪಗಳಿಗಾಗಿಯೇ ಏವಿಯನ್ ಅಂಡ್ ರೆಪ್ಟೈಲ್ ರಿಹ್ಯಾಬಿಲಿಟೇಶನ್ ಸೆಂಟರ್ ಎಂಬ ಸಂಸ್ಥೆಯೂ ಇದೆ. ಇಂಥ ಕೇಂದ್ರಗಳಿಗೆ ಬರುವ ಬೇಟೆ ಹಕ್ಕಿಗಳಲ್ಲಿ ಕರಿ ಹದ್ದುಗಳದೇ ದೊಡ್ಡ ಪಾಲು.

ದೆಹಲಿಯ ಉದಾಹರಣೆ ಹೆಚ್ಚು ಪ್ರಸಿದ್ಧವಾದುದು. ನದೀಮ್ ಶಹಜಾದ್ ಮತ್ತು ಮೊಹಮ್ಮದ್ ಸೌದ್ ಎಂಬ ಅಣ್ಣತಮ್ಮಂದಿರು ಗಾಯಗೊಂಡ ಹದ್ದೊಂದನ್ನು ಹಕ್ಕಿಗಳ ಆಸ್ಪತ್ರೆಗೆ ಒಯ್ದಾಗ, ಮಾಂಸ ತಿನ್ನುವ ಹಕ್ಕಿಯೆಂಬ ಕಾರಣಕ್ಕೆ ಅದನ್ನು ಅಲ್ಲಿ ಸೇರಿಸಿಕೊಳ್ಳಲಿಲ್ಲ. ಆಮೇಲೆ ಅವರು ತಾವೇ ಮನೆಯಲ್ಲಿ ಹದ್ದುಗಳಿಗೆ ಚಿಕಿತ್ಸೆ ಕೊಡಲು ಆರಂಭಿಸಿದರು. ಇದುವರೆಗೆ ಸಾವಿರಾರು ಹದ್ದುಗಳು ಅವರ ಕೈ ದಾಟಿ ಹೋಗಿವೆ. ಇವರ ಕೆಲಸವನ್ನು ಕುರಿತು 2022ರಲ್ಲಿ 'ಆಲ್ ದಟ್ ಬ್ರೀದ್ಸ್' ಎಂಬ ಸಾಕ್ಷ್ಯಚಿತ್ರ ಬಂದಿತು.

ನಗರಗಳಲ್ಲಿ ಗಾಯಕ್ಕೆ ಅತಿ ಮುಖ್ಯ ಕಾರಣ ಗಾಳಿಪಟದ ಮಾಂಜಾ ದಾರ. ಗಾಜಿನ ಪುಡಿಯನ್ನು ಅಂಟಿಸಿದ ಈ ದಾರ, ಅದರಲ್ಲೂ ನೈಲಾನಿನದು, ಹಾರುತ್ತಿರುವ ಹಕ್ಕಿಗೆ ಕಾಣಿಸುವುದಿಲ್ಲ. ಹಕ್ಕಿಯ ವೇಗವೇ ದಾರವನ್ನು ಗರಗಸವಾಗಿ ಮಾಡುತ್ತದೆ. ರೆಕ್ಕೆಯ ಮುಂದಿನ ಅಂಚಿನ ತೆಳು ಚರ್ಮ, ಅದರೊಳಗಿನ ನರಹುರಿ, ಕೆಲವು ವೇಳೆ ಮೂಳೆ ಸಹ ಕತ್ತರಿಸಿಹೋಗುತ್ತದೆ. ನೈಲಾನ್ ಮುಂತಾದ ಕೃತಕ ಮಾಂಜಾ ದಾರವನ್ನು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ 2017ರಲ್ಲಿ ದೇಶದಾದ್ಯಂತ ನಿಷೇಧಿಸಿದೆ. ಆದರೂ ಅದರ ಮಾರಾಟ ನಿಂತಿಲ್ಲ. ಆಷಾಢದ ಗಾಳಿಗೆ ಹಳ್ಳಿಯ ಹುಡುಗರೂ ಈಗ ಪೇಟೆಯ ದಾರವನ್ನೇ ತರುತ್ತಾರೆ. ಹರಿದ ದಾರ ಮರಗಳಲ್ಲಿ ತಿಂಗಳುಗಟ್ಟಲೆ ತೂಗಾಡುತ್ತದೆ. ಮನೆಯ ಹುಡುಗರಿಗೆ ಬರಿಯ ಹತ್ತಿ ದಾರ ಕೊಡಿಸುವುದು ಕಷ್ಟದ ಕೆಲಸವಲ್ಲ.

ಆದರೆ ಆಸ್ಪತ್ರೆಯ ದಾಖಲೆಯನ್ನು ಓದುವಾಗ ಒಂದು ಎಚ್ಚರ ಅಗತ್ಯ. ಅಲ್ಲಿ ಬರೆದಿರುವುದು ಜನರ ಕಣ್ಣಿಗೆ ಬಿದ್ದ ಹಕ್ಕಿಗಳ ಲೆಕ್ಕ ಮಾತ್ರ. ನಗರದ ಮನೆಯ ಮಾಳಿಗೆಯ ಮೇಲೆ ಬಿದ್ದ ಹದ್ದನ್ನು ಹತ್ತು ಜನ ನೋಡುತ್ತಾರೆ. ಮರದ ಪೊಟರೆಯಲ್ಲಿ ಸತ್ತ ಗೂಬೆಯನ್ನು ಯಾರೂ ನೋಡುವುದಿಲ್ಲ. ರಸ್ತೆ ಪಕ್ಕದ ಹೊಲಗಳನ್ನಷ್ಟೇ ನೋಡಿ ಇಡೀ ತಾಲ್ಲೂಕಿನ ಇಳುವರಿ ಹೇಳಿದರೆ ಹೇಗೋ ಹಾಗೆ. ಎರಡನೆಯದಾಗಿ, ದಾಖಲೆಯಲ್ಲಿ ಬರೆಯುವುದು ಕಡೆಯ ಪೆಟ್ಟನ್ನು. 'ವಾಹನ ಬಡಿದು ರೆಕ್ಕೆ ಮುರಿದಿದೆ' ಎಂದು ಬರೆಯುತ್ತಾರೆ. ಎಂದಿನಂತೆ ವಾಹನವನ್ನು ತಪ್ಪಿಸಿಕೊಂಡು ಹಾರಲು ಆ ಹಕ್ಕಿಗೆ ಅಂದು ಏಕೆ ಆಗಲಿಲ್ಲ ಎಂಬುದು ಹೆಚ್ಚಿನ ವೇಳೆ ಬರೆಯದೆ ಉಳಿಯುತ್ತದೆ. ಈ ಎರಡು ಕಾರಣಗಳಿಂದ ಹಳ್ಳಿಯ ಕಡೆಯ ಅಪಾಯಗಳು ದಾಖಲೆಯಲ್ಲಿ ಇರುವುದಕ್ಕಿಂತ ಕಡಿಮೆಯಾಗಿ ಕಾಣುತ್ತವೆ ಎಂದು ನನ್ನ ಅಭಿಪ್ರಾಯ.

ವಿದ್ಯುತ್ ತಂತಿ

ಒಂದೇ ತಂತಿಯ ಮೇಲೆ ಕುಳಿತ ಹಕ್ಕಿಗೆ ಏನೂ ಆಗುವುದಿಲ್ಲ. ವಿದ್ಯುತ್ತು ಅದರ ಮೈಯ ಮೂಲಕ ಹರಿದು ಹೋಗಲು ಇನ್ನೊಂದು ದಾರಿ ಬೇಕು. ಗುಬ್ಬಿ, ಮೈನಾಗಳಿಗೆ ಆ ದಾರಿ ಎಟುಕುವುದಿಲ್ಲ. ಆದರೆ ಕರಿ ಹದ್ದಿನ ರೆಕ್ಕೆಯ ಹರವು ಸುಮಾರು ಒಂದೂವರೆ ಮೀಟರ್. ಕಂಬದಿಂದ ಮೇಲೇಳುವಾಗ ಒಂದು ರೆಕ್ಕೆ ಒಂದು ತಂತಿಗೂ ಇನ್ನೊಂದು ರೆಕ್ಕೆ ಪಕ್ಕದ ತಂತಿಗೂ ತಾಗಬಹುದು. ಇಲ್ಲವೇ ಕಾಲು ಕಬ್ಬಿಣದ ಅಡ್ಡಪಟ್ಟಿಯ ಮೇಲಿದ್ದು ರೆಕ್ಕೆ ತಂತಿಗೆ ತಾಗಬಹುದು. ತಂತಿಗಳು ಒತ್ತೊತ್ತಾಗಿರುವ ಟ್ರಾನ್ಸ್‌ಫಾರ್ಮರ್ ಕಂಬಗಳು ಹೆಚ್ಚು ಅಪಾಯದವು. ಮಳೆಯಲ್ಲಿ ಗರಿ ನೆನೆದಿದ್ದರೆ ಅಪಾಯ ಮತ್ತೂ ಹೆಚ್ಚು.

ಈ ಬಗೆಯ ಗಾಯದಲ್ಲಿ ಒಂದು ಮೋಸವಿದೆ. ಮೊದಲ ದಿನ ಹಕ್ಕಿಯ ಪಾದದಲ್ಲೋ ರೆಕ್ಕೆಯಲ್ಲೋ ಸಣ್ಣ ಸುಟ್ಟ ಗುರುತು ಮಾತ್ರ ಕಾಣುತ್ತದೆ. ಒಳಗಿನ ರಕ್ತನಾಳಗಳು ಬೆಂದಿರುವುದರಿಂದ ಕೆಲವು ದಿನಗಳ ಮೇಲೆ ಆ ಭಾಗವೇ ಒಣಗಿ ಕೊಳೆಯುತ್ತದೆ. 'ಚೆನ್ನಾಗಿಯೇ ಇದೆ' ಎಂದು ಅದೇ ದಿನ ಹಾರಿಬಿಟ್ಟ ಹಕ್ಕಿ ವಾರದೊಳಗೆ ನೆಲಕ್ಕೆ ಬೀಳುವುದು ಹೀಗೆ.

ಹದ್ದು ಗೂಬೆಗಳು ಕಂಬವನ್ನೇ ಆರಿಸಿಕೊಳ್ಳುವುದಕ್ಕೆ ಕಾರಣ ಬಯಲಿನಲ್ಲಿ ಬೇರೆ ಎತ್ತರದ ಜಾಗ ಇಲ್ಲದಿರುವುದು. ಬದುವಿನ ಬೇವು, ಹುಣಸೆ, ಜಾಲಿ ಮರಗಳನ್ನು ಕಡಿದ ಹೊಲಗಳಲ್ಲಿ ಕಂಬವೇ ಮರ. ಹತ್ತು ಹನ್ನೆರಡು ಅಡಿ ಉದ್ದದ ಬಿದಿರು ಗಳುವಿನ ತುದಿಗೆ ಅಡ್ಡಕೋಲು ಕಟ್ಟಿ ಹೊಲದಲ್ಲಿ ಅಲ್ಲಲ್ಲಿ ನೆಟ್ಟರೆ ಹಕ್ಕಿಗಳಿಗೆ ಕಾವಲುಗಟ್ಟೆ ಸಿಕ್ಕಂತಾಗುತ್ತದೆ. ಹಗಲಿನಲ್ಲಿ ಕಾಜಾಣ ಕುಳಿತು ಹುಳು ಹಿಡಿಯುತ್ತದೆ, ರಾತ್ರಿ ಗೂಬೆ ಕುಳಿತು ಇಲಿ ಹಿಡಿಯುತ್ತದೆ. ಜೋಳ, ಸಜ್ಜೆಗಳಲ್ಲಿ ಕಾಳು ಹಾಲುಗಟ್ಟುವ ಕಾಲಕ್ಕೆ ಮಾತ್ರ ಇವನ್ನು ತೆಗೆಯಬೇಕು. ಇಲ್ಲದಿದ್ದರೆ ಕಾಳು ತಿನ್ನುವ ಹಕ್ಕಿಗಳಿಗೂ ಅದೇ ಪೀಠವಾಗುತ್ತದೆ.

ಇಲಿ ಪಾಷಾಣ

ಈಗ ಮುಖ್ಯ ವಿಷಯಕ್ಕೆ ಬರೋಣ. ನಮ್ಮಲ್ಲಿ ಬಳಕೆಯಲ್ಲಿರುವ ಇಲಿ ಪಾಷಾಣಗಳಲ್ಲಿ ಎರಡು ಮುಖ್ಯವಾದವು. ಒಂದು ಜಿಂಕ್ ಫಾಸ್ಫೈಡ್ ಎಂಬ ಕಪ್ಪು ಪುಡಿ. ಇನ್ನೊಂದು ಬ್ರೊಮಾಡಿಯೋಲೋನ್. ಇದು ಬಿಲ್ಲೆಯಾಗಿಯೂ ಪುಡಿಯಾಗಿಯೂ ದೊರೆಯುತ್ತದೆ. ಇವೆರಡೂ ಕೊಲ್ಲುವ ರೀತಿ ಬೇರೆ ಬೇರೆ. ಆ ವ್ಯತ್ಯಾಸವನ್ನು ತಿಳಿದುಕೊಳ್ಳುವುದು ಅತ್ಯವಶ್ಯ.

ಜಿಂಕ್ ಫಾಸ್ಫೈಡ್ ಇಲಿಯ ಜಠರದ ಆಮ್ಲದೊಡನೆ ಸೇರಿದಾಗ ಫಾಸ್ಫೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಕೆಲವೇ ಗಂಟೆಗಳಲ್ಲಿ ಇಲಿ ಸಾಯುತ್ತದೆ. ಈ ವಿಷ ಇಲಿಯ ಮಾಂಸದಲ್ಲಿ ಶೇಖರವಾಗಿ ಉಳಿಯುವುದಿಲ್ಲ. ಹೊಟ್ಟೆಯಲ್ಲಿ ಕರಗದೆ ಉಳಿದ ವಿಷದಿಂದ ಅಪಾಯ ಇದ್ದೇ ಇದೆ, ಆದ್ದರಿಂದ ಸತ್ತ ಇಲಿಯನ್ನು ಹೊರಗೆ ಬಿಡಬಾರದು.

ಬ್ರೊಮಾಡಿಯೋಲೋನ್ ನಿಧಾನವಾದದ್ದು. ರಕ್ತ ಹೆಪ್ಪುಗಟ್ಟಲು ದೇಹಕ್ಕೆ 'ಕೆ' ಜೀವಸತ್ವ ಬೇಕು. ಒಮ್ಮೆ ಬಳಸಿದ ಈ ಜೀವಸತ್ವವನ್ನು ಯಕೃತ್ತು ಮತ್ತೆ ಬಳಕೆಗೆ ಸಿದ್ಧಪಡಿಸುತ್ತದೆ. ಬ್ರೊಮಾಡಿಯೋಲೋನ್ ಆ ಕೆಲಸವನ್ನು ನಿಲ್ಲಿಸುತ್ತದೆ. ಆಗ ಒಳಗೊಳಗೇ ರಕ್ತ ಸೋರಿ ಇಲಿ ಸಾಯುತ್ತದೆ. ಇದಕ್ಕೆ ಸಾಮಾನ್ಯವಾಗಿ ಮೂರು ದಿನಗಳಿಂದ ವಾರ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ತಿಂದ ಕೂಡಲೇ ತೊಂದರೆಯಾಗದ ಕಾರಣ ಇಲಿಗೆ ಅನುಮಾನ ಬರುವುದಿಲ್ಲ. ಇದೇ ಈ ಔಷಧಿಯ ಗುಣ. ಗೂಬೆಯ ಪಾಲಿಗೆ ಇದೇ ದೋಷ. ಆ ಮೂರು ನಾಲ್ಕು ದಿನ ಇಲಿ ಮತ್ತೆ ಮತ್ತೆ ವಿಷ ತಿನ್ನುತ್ತಲೇ ಇರುತ್ತದೆ. ಕಡೆಕಡೆಗೆ ಅದು ಮಂಕಾಗಿ, ನಿಧಾನವಾಗಿ, ಬಯಲಿನಲ್ಲಿ ಅಡ್ಡಾಡುತ್ತದೆ. ಗೂಬೆ, ಹದ್ದುಗಳಿಗೆ ಅತಿ ಸುಲಭವಾಗಿ ಸಿಕ್ಕುವುದು ಇಂಥ ಇಲಿಯೇ. ಈ ಗುಂಪಿನ ವಿಷಗಳು ತಿಂದವರ ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತವೆ. ಒಂದು ಇಲಿಯಿಂದ ಸಾಯದ ಗೂಬೆ ನಾಲ್ಕನೆಯದರಿಂದ ಸಾಯಬಹುದು.

ಬ್ರಿಟನ್ನಿನಲ್ಲಿ ಸತ್ತು ಸಿಕ್ಕಿದ ಕಣಜ ಗೂಬೆಗಳ ಯಕೃತ್ತನ್ನು ಅನೇಕ ವರ್ಷಗಳಿಂದ ಪರೀಕ್ಷಿಸುತ್ತಾ ಬಂದಿದ್ದಾರೆ. ಸುಮಾರು ಹತ್ತರಲ್ಲಿ ಎಂಟು ಹಕ್ಕಿಗಳಲ್ಲಿ ಈ ಗುಂಪಿನ ಇಲಿ ಪಾಷಾಣದ ಅಂಶ ಕಂಡುಬಂದಿದೆ. ಅವುಗಳಲ್ಲಿ ಹೆಚ್ಚಿನವು ವಿಷದಿಂದಲೇ ಸತ್ತವೆಂದು ಹೇಳಲಾಗದು, ಅಂಶ ಕಡಿಮೆ ಇತ್ತು. ಆದರೆ ರಕ್ತ ಹೆಪ್ಪುಗಟ್ಟದ ಹಕ್ಕಿಗೆ ಮುಳ್ಳುತಂತಿಯ ಸಣ್ಣ ಗೀರೂ ದೊಡ್ಡ ಗಾಯವಾಗಬಲ್ಲದು.

ಮಲೇಷಿಯಾದ ಅನುಭವ ನಮಗೆ ಇನ್ನೂ ಹತ್ತಿರದ್ದು. ಅಲ್ಲಿ ತಾಳೆಎಣ್ಣೆ ತೋಟಗಳಲ್ಲಿ ಇಲಿ ಹತೋಟಿಗೆಂದು ಕಣಜ ಗೂಬೆಗೆ ಮರದ ಪೆಟ್ಟಿಗೆಗಳನ್ನು ನಿಲ್ಲಿಸಿದರು. ಗೂಬೆಗಳು ಬಂದವು, ಮರಿ ಮಾಡಿದವು. 1980ರ ದಶಕದ ಆರಂಭದಲ್ಲಿ ಹಳೆಯ ವಾರ್ಫರಿನ್ ಬಿಟ್ಟು ಇದೇ ಗುಂಪಿನ ಹೊಸ, ತೀಕ್ಷ್ಣ ಪಾಷಾಣಗಳನ್ನು ಉಪಯೋಗಿಸಿದ ತೋಟದಲ್ಲಿ ಗೂಬೆಗಳ ಸಂಖ್ಯೆ ತೀವ್ರವಾಗಿ ಇಳಿದುಹೋಯಿತು. ಗೂಬೆಯನ್ನೂ ಕರೆದು ಪಾಷಾಣವನ್ನೂ ಬಡಿಸಿದಂತಾಯಿತು. ಇಸ್ರೇಲಿನ ಬೆತ್ ಶೆಆನ್ ಕಣಿವೆಯಲ್ಲಿ 1983ರಲ್ಲಿ ಪೆಟ್ಟಿಗೆ ಇಡುವ ಕೆಲಸ ಆರಂಭವಾಯಿತು. ಅಲ್ಲಿ ಪಾಷಾಣದ ಬಳಕೆಯನ್ನು ತಗ್ಗಿಸುವುದನ್ನೂ ಜೊತೆಗೇ ಹಮ್ಮಿಕೊಂಡರು. ಅದು ಬೆಳೆದು ನೆರೆಯ ಜೋರ್ಡಾನಿಗೂ ಹರಡಿತು.

ಹಾಗಾದರೆ ಪಾಷಾಣ ಇಡುವುದೇ ಬೇಡವೇ? ಹಾಗೆ ಹೇಳುವುದು ಸುಲಭ. ಕಡಲೆಕಾಯಿಯನ್ನು ಇಲಿ ಬಿಲಕ್ಕೆ ಹೊರುವುದನ್ನು ಕಂಡ ರೈತನಿಗೆ ಅದು ಒಪ್ಪಿಗೆಯಾಗದು. ಗೂಬೆ ಒಂದರಿಂದಲೇ ಇಲಿ ಹತೋಟಿಯಾಗುತ್ತದೆಂದು ನಾನೂ ಹೇಳಲಾರೆ. ಇಲಿಯ ಸಂತಾನ ಗೂಬೆಯ ಹಸಿವಿಗಿಂತ ವೇಗವಾಗಿ ಬೆಳೆಯುತ್ತದೆ. ಪಾಷಾಣವನ್ನು ಕ್ರಮ ತಿಳಿದು ಇಟ್ಟರೆ ಇಲಿ ಸಾಯುತ್ತದೆ, ಗೂಬೆ ಉಳಿಯುತ್ತದೆ, ಖರ್ಚೂ ಕಡಿಮೆಯಾಗುತ್ತದೆ. ಕ್ರಮ ಹೀಗಿದೆ.

ಮೊದಲ ದಿನ ಸಂಜೆ ಬದುಗಳಲ್ಲಿರುವ ಎಲ್ಲ ಬಿಲಗಳನ್ನೂ ಮಣ್ಣಿನಿಂದ ಮುಚ್ಚಬೇಕು. ಮರುದಿನ ಬೆಳಗ್ಗೆ ತೆರೆದಿರುವ ಬಿಲಗಳಲ್ಲಿ ಮಾತ್ರ ಇಲಿಗಳಿವೆ ಎಂದು ತಿಳಿಯಬೇಕು. ಹೊಲದಲ್ಲಿ ಕಾಣುವ ಬಿಲಗಳಲ್ಲಿ ಎಷ್ಟೋ ಬರಿದಾಗಿರುತ್ತವೆ, ಅವಕ್ಕೆ ವಿಷ ಹಾಕುವುದು ದುಡ್ಡು ಹಾಳು. ತೆರೆದ ಬಿಲಗಳಿಗೆ ಎಣ್ಣೆ ಸವರಿದ ನುಚ್ಚನ್ನು ವಿಷವಿಲ್ಲದೆ 20 ಗ್ರಾಂನಷ್ಟು ಹಾಕಿ ಎರಡು ದಿನ ರುಚಿ ಹಿಡಿಸಬೇಕು. ನಾಲ್ಕನೆಯ ದಿನ 96 ಭಾಗ ನುಚ್ಚು, 2 ಭಾಗ ಅಡಿಗೆ ಎಣ್ಣೆ, 2 ಭಾಗ ಜಿಂಕ್ ಫಾಸ್ಫೈಡ್ ಬೆರೆಸಿದ ವಿಷತಿಂಡಿಯನ್ನು ಕಾಗದದ ಪೊಟ್ಟಣದಲ್ಲಿ ಬಿಲಕ್ಕೆ 10 ಗ್ರಾಂನಂತೆ ಕಡ್ಡಿಯಿಂದ ಆಳಕ್ಕೆ ತಳ್ಳಿ ಬಾಯಿ ಮುಚ್ಚಬೇಕು. ಬಯಲಿನಲ್ಲಿ ಚೆಲ್ಲಿದರೆ ನವಿಲು, ಬೆಳವ, ಮನೆಯ ಕೋಳಿಗಳು ಮೊದಲು ಸಾಯುತ್ತವೆ. ಬೆರೆಸುವಾಗ ಕೈಗವಸು ಹಾಕಿಕೊಂಡು ಕೋಲಿನಿಂದ ಕಲಸಬೇಕು. ಮನುಷ್ಯರ ಮೇಲೆ ಇದಕ್ಕೆ ಮದ್ದಿಲ್ಲ ಎಂಬುದನ್ನು ಮರೆಯಬಾರದು. ಐದನೆಯ ದಿನ ಮುಂಜಾನೆ, ಹದ್ದುಗಳು ಹಾರುವ ಮುನ್ನವೇ, ಹೊಲ ಸುತ್ತಿ ಸತ್ತ ಇಲಿಗಳನ್ನು ಆರಿಸಿ ಎರಡು ಅಡಿ ಆಳದಲ್ಲಿ ಹೂಳಬೇಕು. ತಿಪ್ಪೆಗೆ ಎಸೆಯುವ ರೂಢಿಯನ್ನು ಬಿಡಬೇಕು.

ಒಂದು ವಾರದ ಮೇಲೆ ಮತ್ತೆ ಬಿಲ ಮುಚ್ಚಿ ನೋಡಿ, ಇನ್ನೂ ತೆರೆದಿರುವ ಕೆಲವಕ್ಕೆ ಮಾತ್ರ ಬ್ರೊಮಾಡಿಯೋಲೋನ್ ಉಪಯೋಗಿಸಬಹುದು. ಜಿಂಕ್ ಫಾಸ್ಫೈಡ್ ರುಚಿ ಕಂಡು ಬದುಕಿದ ಇಲಿ ಅದನ್ನು ಮತ್ತೆ ಮುಟ್ಟದ ಕಾರಣ ಈ ಎರಡನೆಯ ಮದ್ದು ಬೇಕಾಗುತ್ತದೆ. ಆದರೆ ಅದನ್ನು ಮೊದಲ ಮದ್ದಾಗಿ, ವರ್ಷವಿಡೀ, ಹೊಲದ ತುಂಬ ಬಿಲ್ಲೆ ಇಟ್ಟು ಉಪಯೋಗಿಸುವುದು ಸರಿಯಲ್ಲ. ಬಳಸಿದ ಮೇಲೆ ಹತ್ತು ದಿನಗಳಾದರೂ ದಿನವೂ ಸತ್ತ ಇಲಿ ಹುಡುಕಿ ಹೂಳಲು ಆಗುವುದಾದರೆ ಮಾತ್ರ ಕೈ ಹಾಕಬೇಕು. ತಿನ್ನದೆ ಉಳಿದ ಬಿಲ್ಲೆಗಳನ್ನೂ ಆರಿಸಿ ತೆಗೆಯಬೇಕು.

ಈ ಕೆಲಸವನ್ನು ಒಬ್ಬರೇ ಮಾಡಿದರೆ ಪ್ರಯೋಜನ ಕಡಿಮೆ, ಪಕ್ಕದ ಹೊಲದ ಇಲಿ ತಿಂಗಳೊಳಗೆ ಬಂದು ಸೇರುತ್ತದೆ. ಒಂದು ಬಯಲಿನವರೆಲ್ಲ ಸೇರಿ, ಪೈರು ತೆನೆಗಟ್ಟುವ ಮೊದಲೇ ಮಾಡಬೇಕು. ಬದುಗಳನ್ನು ಒಂದೂವರೆ ಅಡಿಗಿಂತ ಅಗಲವಿಲ್ಲದಂತೆ ಸವರಿ ಕಳೆ ತೆಗೆದರೆ ಬಿಲ ತೋಡಲು ಜಾಗವೇ ಇರುವುದಿಲ್ಲ. ಬಿದಿರಿನ ಬಿಲ್ಲು ಕತ್ತರಿಗಳಿಂದ ಇಲಿ ಹಿಡಿಯುವ ಕುಶಲರು ಸಿಕ್ಕುವ ಕಡೆ ಅವರಿಗೆ ಕೂಲಿ ಕೊಡುವುದು ಪಾಷಾಣಕ್ಕೆ ದುಡ್ಡು ಹಾಕುವುದಕ್ಕಿಂತ ಲೇಸು.

ಗೂಬೆಗೆ ಪೆಟ್ಟಿಗೆ ಇಡುವ ಆಸೆಯಿದ್ದವರು 75 ಸೆಂ.ಮೀ. ಉದ್ದ, 50 ಸೆಂ.ಮೀ. ಅಗಲ, 50 ಸೆಂ.ಮೀ. ಎತ್ತರದ ಮರದ ಪೆಟ್ಟಿಗೆಗೆ 15 ಸೆಂ.ಮೀ. ಚೌಕದ ಬಾಯಿ ಬಿಟ್ಟು, ನೆರಳಿರುವ ದೊಡ್ಡ ಮರಕ್ಕೋ ಕಣದ ಮನೆಯ ಗೋಡೆಗೋ ಎತ್ತರದಲ್ಲಿ ಭದ್ರಪಡಿಸಬಹುದು. ಬ್ರೊಮಾಡಿಯೋಲೋನ್ ಬಳಸುವ ಹೊಲದಲ್ಲಿ ಇದನ್ನು ಇಡಬೇಡಿ.

ಕೀಟನಾಶಕ ಮತ್ತು ದನದ ಔಷಧಿ

ಇಲಿ ಪಾಷಾಣದಂತೆಯೇ ಕೀಟನಾಶಕವೂ ಆಹಾರದ ಮೂಲಕ ಹಕ್ಕಿಗೆ ತಲುಪುತ್ತದೆ. 1995-96ರಲ್ಲಿ ಅರ್ಜೆಂಟೀನಾದ ಬಯಲುಗಳಲ್ಲಿ ಮಿಡತೆಗಳಿಗೆ ಮಾನೋಕ್ರೊಟೊಫಾಸ್ ಸಿಂಪಡಿಸಿದರು. ಉತ್ತರ ಅಮೆರಿಕದಿಂದ ಚಳಿಗಾಲ ಕಳೆಯಲು ಬಂದ ಸ್ವೈನ್ಸನ್ ಹದ್ದುಗಳು ಆ ಮಿಡತೆಗಳನ್ನು ತಿಂದು ಸಾವಿರಾರು ಸಂಖ್ಯೆಯಲ್ಲಿ ಹೊಲಗಳಲ್ಲೇ ಸತ್ತು ಬಿದ್ದವು. ಸಿಂಪಡಿಸುತ್ತಿದ್ದಾಗಲೇ ಮಿಡತೆ ಹಿಡಿಯಲು ಬಂದು ಮೈ ನೆನೆಸಿಕೊಂಡವೂ ಇದ್ದವು. ನಾಯಿ, ಚಿರತೆಗೆಂದು ಸತ್ತ ಕುರಿಗೆ ಕೀಟನಾಶಕ ಸುರಿದು ಇಡುವ ಕೆಟ್ಟ ಪದ್ಧತಿ ಅಲ್ಲಲ್ಲಿ ಇದೆ. ಮೊದಲು ಇಳಿಯುವುದು ಹದ್ದು. ಇದು ಶಿಕ್ಷಾರ್ಹ ಅಪರಾಧವೂ ಹೌದು.

ರಣಹದ್ದುಗಳ ಕಥೆ ಬಹುಮಟ್ಟಿಗೆ ಎಲ್ಲರಿಗೂ ಗೊತ್ತಿದೆ. ದನಗಳಿಗೆ ನೋವು ನಿವಾರಣೆಗೆ ಕೊಟ್ಟ ಡೈಕ್ಲೋಫೆನಾಕ್ ಸತ್ತ ದನದ ಮಾಂಸದಲ್ಲಿ ಉಳಿದು, ತಿಂದ ರಣಹದ್ದಿನ ಮೂತ್ರಪಿಂಡವನ್ನು ಕೆಡಿಸುತ್ತದೆ ಎಂಬುದು 2004ರಲ್ಲಿ ಸಿದ್ಧಪಟ್ಟಿತು. 2006ರಲ್ಲಿ ಪಶು ಚಿಕಿತ್ಸೆಗೆ ಅದನ್ನು ಭಾರತದಲ್ಲಿ ನಿಷೇಧಿಸಲಾಯಿತು. ಕೀಟೋಪ್ರೊಫೇನ್ ಮತ್ತು ಅಸಿಕ್ಲೋಫೆನಾಕ್ 2023ರಲ್ಲಿ ಆ ಪಟ್ಟಿಗೆ ಸೇರಿದವು. ದನಕ್ಕೆ ನೋವಿನ ಸೂಜಿ ಹಾಕಿಸುವಾಗ ಮೆಲಾಕ್ಸಿಕಾಮ್ ಕೊಡಿರೆಂದು ಪಶುವೈದ್ಯರನ್ನು ಕೇಳಿರಿ. ಉದ್ದ ಕೊಕ್ಕಿನ ರಣಹದ್ದುಗಳಿಗಾಗಿ 2012ರಲ್ಲಿ ಘೋಷಿಸಿದ ರಾಮನಗರದ ರಾಮದೇವರ ಬೆಟ್ಟದ ಧಾಮದ ಸುತ್ತಲಿನ ಹಳ್ಳಿಗಳವರಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ.

ಬೇಲಿ, ಬಲೆ, ಹೊಂಡ, ರಸ್ತೆ

ದ್ರಾಕ್ಷಿ, ದಾಳಿಂಬೆ ತೋಟಗಳ ಮೇಲೆ ಹೊದಿಸುವ ನೈಲಾನ್ ಬಲೆ ಸಡಿಲವಾಗಿ ಜೋತುಬಿದ್ದಿದ್ದರೆ ಹಕ್ಕಿ ಸಿಕ್ಕಿಕೊಳ್ಳುತ್ತದೆ. ಬಿಗಿಯಾಗಿ ಎಳೆದು ಕಟ್ಟಿದರೆ ತಾಗಿ ಹಿಂತಿರುಗುತ್ತದೆ. ಹಂಗಾಮು ಮುಗಿದ ಮೇಲೆ ಬಲೆಯನ್ನು ಸುತ್ತಿಡಬೇಕು. ಮುಳ್ಳುತಂತಿ ಬೇಲಿಗೆ ಗೂಬೆಗಳು ರಾತ್ರಿ ರೆಕ್ಕೆ ಸಿಕ್ಕಿಸಿಕೊಳ್ಳುತ್ತವೆ. ಮೇಲಿನ ಎಳೆಯಲ್ಲಿ ಮುಳ್ಳಿಲ್ಲದ ತಂತಿ ಎಳೆದು, ಅಲ್ಲಲ್ಲಿ ಬಿಳಿ ಚೀಲದ ತುಂಡು ಕಟ್ಟಿದರೆ ಸಾಕು. ದಾಸ್ತಾನು ಕೊಠಡಿಯಲ್ಲಿ ಇಡುವ ಇಲಿಯ ಅಂಟು ಹಲಗೆಯನ್ನು ಹೊರಗೆ, ಸೂರಿನ ಕೆಳಗೆ ಇಡಬಾರದು. ಸಿಕ್ಕಿಬಿದ್ದ ಇಲಿಯನ್ನು ಹಿಡಿಯಲು ಬಂದ ಹಾಲಕ್ಕಿ ತಾನೂ ಅಂಟಿಕೊಳ್ಳುತ್ತದೆ.

ಪ್ಲಾಸ್ಟಿಕ್ ಹಾಳೆ ಹೊದಿಸಿದ ಕೃಷಿ ಹೊಂಡಗಳು ಈಗ ಎಲ್ಲೆಡೆ ಬಂದಿವೆ. ಸ್ನಾನಕ್ಕೋ ನೀರಿಗೋ ಇಳಿದ ಹದ್ದು, ಗೂಬೆ ಗರಿ ನೆನೆದ ಮೇಲೆ ಜಾರುವ ಹಾಳೆಯ ಮೇಲೆ ಹತ್ತಲಾರದು. ತೆಂಗಿನ ನಾರಿನ ಹಗ್ಗದ ಬಲೆಯನ್ನೋ ಗಂಟು ಹಾಕಿದ ಹಗ್ಗವನ್ನೋ ಒಂದು ಮೂಲೆಯಲ್ಲಿ ನೀರಿನವರೆಗೆ ಇಳಿಬಿಟ್ಟರೆ ಹಕ್ಕಿ ಮಾತ್ರವಲ್ಲ, ಕಾಲು ಜಾರಿದ ಮಗುವಿಗೂ ಅದು ಆಸರೆ.

ಟಾರು ರಸ್ತೆಯ ಮೇಲೆ ರಾಗಿ, ಹುರುಳಿ ಹರಡಿ ವಾಹನಗಳಿಂದ ಒಕ್ಕಿಸುವುದು ನಮ್ಮಲ್ಲಿ ರೂಢಿ. ಉದುರಿದ ಕಾಳಿಗೆ ರಾತ್ರಿ ಇಲಿ ಬರುತ್ತದೆ, ಇಲಿಗೆ ಗೂಬೆ ಬರುತ್ತದೆ, ಗೂಬೆಗೆ ಲಾರಿ ಬಡಿಯುತ್ತದೆ. ರಸ್ತೆ ಒಕ್ಕಣೆಯ ಬಗ್ಗೆ ಬೇರೆ ಆಕ್ಷೇಪಗಳು ಎಷ್ಟೋ ಇವೆ, ಇದೂ ಒಂದು.

ಗೂಬೆಯನ್ನು ಮಾಟ, ನಿಧಿ ಎಂದು ಹಿಡಿದು ಮಾರುವವರ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹಿಡಿಯುವುದು, ಸಾಕುವುದು, ಮಾರುವುದು ಮೂರೂ ಅಪರಾಧ.

ಮರಿಗಳ ವಿಷಯ

ಕೇಂದ್ರಗಳಿಗೆ ಬರುವ ಎಷ್ಟೋ ಮರಿಗಳಿಗೆ ಗಾಯವೇ ಇರುವುದಿಲ್ಲ. ಗರಿ ಬಲಿತು ಹಾರಲು ಕಲಿಯುತ್ತಿರುವ ಮರಿ ನೆಲಕ್ಕೆ ಇಳಿಯುವುದು ಸಹಜ. ತಾಯಿ ಹತ್ತಿರದಲ್ಲೇ ಇರುತ್ತದೆ. ಅಂಥದನ್ನು ಪಕ್ಕದ ಕೊಂಬೆಗೆ ಏರಿಸಿ ದೂರ ಸರಿಯುವುದೇ ಚಿಕಿತ್ಸೆ. ಮನೆಗೆ ತಂದು ಸಾಕಿದ ಮರಿ ಮನುಷ್ಯನನ್ನೇ ತನ್ನ ಜಾತಿಯೆಂದು ತಿಳಿಯುತ್ತದೆ, ಮುಂದೆ ಬೇಟೆಯನ್ನೂ ಕಲಿಯದು. ಮೈಮೇಲೆ ಬರಿಯ ತುಪ್ಪುಳವಿದ್ದರೆ, ಗೂಡು ಎಟುಕಿದರೆ ಗೂಡಿಗೇ ಹಾಕಿ. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬ ಮಾತು ನಿಜವಲ್ಲ. ಬೇಸಗೆಯಲ್ಲಿ ಮರ ಸವರುವ, ಕಡಿಯುವ ಮೊದಲು ಒಮ್ಮೆ ಮೇಲೆ ನೋಡಿ. ಬಿಜ್ಜುವಿನ ಗೂಡುಗಳು ಇರುವ ಕಾಲವೇ ಅದು.

ಹಕ್ಕಿ ಸಿಕ್ಕಾಗ

ಬೇಟೆ ಹಕ್ಕಿಯ ಆಯುಧ ಉಗುರು, ಕೊಕ್ಕಲ್ಲ. ದಪ್ಪ ಗೋಣಿಯನ್ನೋ ಕಂಬಳಿಯನ್ನೋ ತಲೆಯ ಮೇಲಿಂದ ಹೊದಿಸಿದರೆ ಕತ್ತಲಾಗಿ ಹಕ್ಕಿ ಸುಮ್ಮನಾಗುತ್ತದೆ. ರೆಕ್ಕೆಗಳನ್ನು ಮೈಗೆ ಒತ್ತಿ, ಕಾಲುಗಳನ್ನು ದೂರವಿಟ್ಟು ಎತ್ತಿ, ಗಾಳಿರಂಧ್ರ ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ ಇಡಬೇಕು. ಕಬ್ಬಿಣದ ಪಂಜರ ಬೇಡ. ಅದರಲ್ಲಿ ಬಡಿದಾಡಿ ಗರಿ ಮುರಿದುಕೊಂಡರೆ ಮೂಳೆ ಎರಡು ಮೂರು ವಾರಗಳಲ್ಲಿ ಕೂಡಿದರೂ ಹೊಸ ಗರಿಗಾಗಿ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಹಾಲು, ಅನ್ನ, ಬ್ರೆಡ್ಡು ಕೊಡಬಾರದು, ಬಾಯಿ ತೆರೆದು ನೀರು ಹೊಯ್ಯಬಾರದು. ಅದು ಶ್ವಾಸನಾಳಕ್ಕೆ ಹೋಗಿ ಸಾಯುವುದೇ ಹೆಚ್ಚು. ಸುತ್ತಿಕೊಂಡ ದಾರವನ್ನು ಎಳೆಯದೆ ಎರಡೂ ಕಡೆ ಕತ್ತರಿಸಿ ಹಾಗೆಯೇ ಬಿಡಿ. ತಂತಿಗೆ ಜೋತುಬಿದ್ದಿದ್ದರೆ ಲೈನ್‌ಮನ್ ಬಂದು ವಿದ್ಯುತ್ ನಿಲ್ಲಿಸುವ ತನಕ ಯಾರೂ ಮುಟ್ಟಬಾರದು.

ಪೆಟ್ಟಿಗೆಯನ್ನು ಕತ್ತಲೆಯ, ಸದ್ದಿಲ್ಲದ ಕೋಣೆಯಲ್ಲಿಟ್ಟು ಹತ್ತಿರದ ವಲಯ ಅರಣ್ಯಾಧಿಕಾರಿಗಳ ಕಚೇರಿಗಾಗಲಿ, ಅರಣ್ಯ ಸಹಾಯವಾಣಿ 1926ಕ್ಕಾಗಲಿ ತಿಳಿಸಿ. ಹೊರಗೆ ಗಾಯವಿಲ್ಲದೆ ಮಂಕಾಗಿದ್ದು, ಬಾಯಲ್ಲೋ ಮೂಗಿನಲ್ಲೋ ರಕ್ತ ಜಿನುಗುತ್ತಿದ್ದರೆ ಸುತ್ತಮುತ್ತ ಇಲಿ ಪಾಷಾಣ ಇಟ್ಟಿರುವುದನ್ನು ಅಂಜದೆ ಹೇಳಿ. ಬ್ರೊಮಾಡಿಯೋಲೋನ್ ಆಗಿದ್ದರೆ 'ಕೆ-1' ಜೀವಸತ್ವದ ಚುಚ್ಚುಮದ್ದಿನಿಂದ ಉಳಿಸಲು ಸಾಧ್ಯವಿದೆ, ಪಾಷಾಣದ ಪೊಟ್ಟಣವಿದ್ದರೆ ಜೊತೆಗೇ ಕಳುಹಿಸಿ. ಸಿಕ್ಕಿದ ಊರು, ಸರ್ವೆ ನಂಬರು, ಹತ್ತಿರದ ಮರ ಅಥವಾ ಕಂಬದ ಗುರುತನ್ನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಅಂಟಿಸಿ. ವಾಸಿಯಾದ ಹಕ್ಕಿಯನ್ನು ಅದೇ ಜಾಗಕ್ಕೆ ತಂದು ಬಿಡಬೇಕಾಗುತ್ತದೆ, ಅದರ ಜೋಡಿ ಅಲ್ಲಿಯೇ ಇರುತ್ತದೆ.